ಎಡಗಾಲ ಕೆಳಗಿನ ಹಗ್ಗ

ನಾಲೆಯಲ್ಲಿ ತೆಪ್ಪ ನಡೆಸುವ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಈಜು ಬರಬೇಕಾ ಎಂದು. ಮೂವತ್ತೊಂದು ವರ್ಷ ತೆಪ್ಪ ನಡೆಸಿ ಮನೆಗೆ ಬಂದ ನನಗೆ ಇವತ್ತಿಗೂ ಈಜು ಬರುವುದಿಲ್ಲ. ಚೆನ್ನಾಗಿ ಈಜು ಬರುತ್ತಿದ್ದ ಇಬ್ಬರು ನನ್ನ ಕಣ್ಣೆದುರಿಗೇ ಮುಳುಗಿದ್ದಾರೆ. ಈ ಕೆಲಸಕ್ಕೆ ಬೇಕಾದದ್ದು ಹಗ್ಗದ ಮೇಲೆ ಗಮನ. ಅದೊಂದಿದ್ದರೆ ಜೀವ ಉಳಿಯುತ್ತದೆ.

ನನ್ನ ಹೆಸರು ಚಿಕ್ಕತಾಯಿ, ಓದಿದ್ದು ಮೂರನೇ ಕ್ಲಾಸು. ಬರೆದದ್ದನ್ನು ಮೊಮ್ಮಗಳು ತಿದ್ದಿದ್ದಾಳೆ. ಬೈಗುಳ ಕೆಲವನ್ನು ತೆಗೆದಿದ್ದಾಳೆ, ತೆಗೆಯಲಿ. ಮಾತು ನನ್ನದೇ.

ಈಗ ನಮ್ಮ ನಾಲೆಯ ತೆಪ್ಪ ಸಿಕ್ಕಿರುವುದು ಸವಿತಾಗೆ. ಅವಳು ಜವರಮ್ಮನ ಸೊಸೆ. ಜವರಮ್ಮ ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವಳು. ಅವಳ ಬಲಗೈಯಲ್ಲಿ ಮೂರು ಬೆರಳಿಲ್ಲ. ಅವು ಹೇಗೆ ಹೋದವು ಎಂದು ಊರು ಕೇಳಿದಾಗ ನಾನು ಅರ್ಧ ಹೇಳಿದೆ. ಉಳಿದರ್ಧವನ್ನು ಜವರಮ್ಮನಿಗೂ ಹೇಳಲಿಲ್ಲ. ಅದನ್ನು ನುಂಗಿಕೊಂಡೇ ಇಷ್ಟು ವರ್ಷ ಅವಳ ಮನೆಯ ಮುಂದೆ ಓಡಾಡಿದೆ. ಆದರೆ ಅದನ್ನು ಹೇಳದೆ ಅವಳ ಸೊಸೆಗೆ ಹಗ್ಗ ಹಿಡಿಯುವುದನ್ನು ಕಲಿಸಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಳಕವಾಡಿ ಕಡೆಯ ಗದ್ದೆಗಳಿಗೆ ನೀರು ಕೊಡುವ ನಾಲೆ. ದೊಡ್ಡದೇನಲ್ಲ. ನೀರು ಬಿಟ್ಟಾಗಿನಿಂದ ನಿಲ್ಲಿಸುವವರೆಗೆ ಅದರಲ್ಲಿ ಜೊಂಡು, ಪಾಚಿ, ಅಂತರಗಂಗೆ ಬೆಳೆಯುತ್ತಲೇ ಇರುತ್ತದೆ. ಅದನ್ನು ಕುಡುಗೋಲಿನಲ್ಲಿ ಕುಯ್ದು, ತೆಪ್ಪಕ್ಕೆ ತುಂಬಿ, ದಡಕ್ಕೆ ಎಳೆದು ಹಾಕುವುದೇ ಕೆಲಸ. ಬಿಟ್ಟರೆ ಬಾಗಿಲಿಗೆ ಸಿಕ್ಕಿಕೊಂಡು ಕೊನೆಯ ಗದ್ದೆಯವನಿಗೆ ನೀರು ಹೋಗುವುದಿಲ್ಲ. ಆಮೇಲೆ ಅವನು ನಮ್ಮ ಮನೆ ಬಾಗಿಲಿಗೆ ಬಂದು ಬೈಯುತ್ತಾನೆ.

ಒಂದು ಕಡೆ ನಾಲೆ ಎರಡಾಳು ಎತ್ತರ ಕೆಳಗಿಳಿಯುತ್ತದೆ. ಬಹಳ ಹಿಂದೆ ಕಲ್ಲು, ಸುಣ್ಣ ಸಾಗಿಸುವ ದೋಣಿಗಳು ಇಳಿದು ಹತ್ತಲಿ ಎಂದು ಅಲ್ಲಿ ಪಕ್ಕದಲ್ಲಿ ಒಂದು ಕಲ್ಲಿನ ತೊಟ್ಟಿ ಕಟ್ಟಿದ್ದಾರೆ. ತೊಟ್ಟಿಗೆ ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು. ಎರಡೂ ಕಬ್ಬಿಣದವು. ಚಕ್ರ ತಿರುಗಿಸಿದರೆ ಗೇಣು ಗೇಣಾಗಿ ಮೇಲೇಳುತ್ತವೆ. ಇಳಿಯುವಾಗ ತೆಪ್ಪವನ್ನು ತೊಟ್ಟಿಯೊಳಕ್ಕೆ ತಂದು ಮೇಲಿನ ಬಾಗಿಲು ಮುಚ್ಚಬೇಕು. ಗೋಡೆಗೆ ಹೊಡೆದ ಏಣಿ ಹತ್ತಿ ಕೆಳಗಿನ ಬಾಗಿಲನ್ನು ಒಂದು ಗೇಣು ಎತ್ತಬೇಕು. ತೊಟ್ಟಿಯ ನೀರು ಆ ಸಂದಿನಲ್ಲಿ ಹೋಗುತ್ತ ಹೋಗುತ್ತ ತೆಪ್ಪ ಕೆಳಗಿಳಿಯುತ್ತದೆ. ಒಂದು ಸಲ ಎಲೆಯಡಿಕೆ ಹಾಕಿಕೊಂಡು ಅಗಿದು ಮುಗಿಸುವಷ್ಟು ಹೊತ್ತು. ತೊಟ್ಟಿಯ ನೀರು ಕೆಳಗಿನ ನಾಲೆಯ ನೀರಿಗೆ ಸಮವಾದ ಮೇಲೆ ಬಾಗಿಲನ್ನು ಪೂರ್ತಿ ಎತ್ತಿ, ಏಣಿ ಇಳಿದು, ತೆಪ್ಪ ಹತ್ತಿ ಬಾಗಿಲ ಕೆಳಗೆ ಬಗ್ಗಿ ದಾಟಬೇಕು.

ಓದುವುದಕ್ಕೆ ಇಷ್ಟೇ. ಮಾಡುವಾಗ ತೊಂದರೆ ಇರುವುದು ಹಗ್ಗದಲ್ಲಿ. ತೆಪ್ಪವನ್ನು ಬಿಟ್ಟರೆ ಅದು ಗಿರಗಿರ ಸುತ್ತಿಕೊಂಡು ಹೋಗಿ ಕೆಳಗಿನ ಬಾಗಿಲ ಸಂದಿಗೆ ಒತ್ತಿ ಕೂರುತ್ತದೆ. ಗೋಡೆಯ ಮೇಲಿನ ಕಬ್ಬಿಣದ ಬಳೆಗೆ ಕಟ್ಟಿದರೆ, ನೀರು ಇಳಿದಂತೆ ತೆಪ್ಪ ಅಲ್ಲೇ ನೇತಾಡುತ್ತದೆ. ಕಟ್ಟಲೂಬಾರದು, ಬಿಡಲೂಬಾರದು. ಇಬ್ಬರಿದ್ದರೆ ಒಬ್ಬಳು ತೆಪ್ಪದಲ್ಲಿ ಕೂತು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾಳೆ, ಇನ್ನೊಬ್ಬಳು ಮೇಲೆ ಚಕ್ರ ತಿರುಗಿಸುತ್ತಾಳೆ. ನಾನು ಮತ್ತು ಜವರಮ್ಮ ಮೂರು ವರ್ಷ ಹಾಗೇ ಮಾಡಿದೆವು. ಕೆಳಗಿನವಳು "ಊಂ" ಎನ್ನುವವರೆಗೆ ಮೇಲಿನವಳು ಚಕ್ರ ಮುಟ್ಟುತ್ತಿರಲಿಲ್ಲ. ಇದು ನೀರಾವರಿ ಕಚೇರಿಯವರು ಹೇಳಿಕೊಟ್ಟದ್ದಲ್ಲ, ನಾವೇ ಮಾಡಿಕೊಂಡದ್ದು.

ನಮಗೆ ಕೆಲಸ ಕಲಿಸಿದವನು ಮಾದಯ್ಯ ಅಂತ, ಬಾಗಿಲು ನೋಡಿಕೊಳ್ಳುತ್ತಿದ್ದ ಮುದುಕ. ನನ್ನ ಗಂಡ ಅದೇ ನಾಲೆಯಲ್ಲಿ ನೀರು ಹಂಚುವ ನೀರುಗಂಟಿಯಾಗಿದ್ದ. ಗದ್ದೆ ಬದುವಿನ ಮೇಲೆ ಹಾವು ಕಚ್ಚಿ ಸತ್ತ. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನಾನು ಕಚೇರಿ ಬಾಗಿಲಲ್ಲಿ ಎಷ್ಟು ದಿನ ನಿಂತೆನೋ, ಕೊನೆಗೆ ತೆಪ್ಪದ ಕೆಲಸ ಕೊಟ್ಟರು. ಹೆಂಗಸಿಗೆ ಅದು ಆಗುವುದಿಲ್ಲ ಎಂದು ಕೊಟ್ಟವರೇ ನಗುತ್ತಿದ್ದರು.

ಮಾದಯ್ಯ ನಗಲಿಲ್ಲ. ಹೆಚ್ಚು ಹೇಳಲೂ ಇಲ್ಲ. ಮೊದಲ ವಾರ ನಾನು ಮೇಲಿನ ಬಾಗಿಲನ್ನು ಪೂರ್ತಿ ಮುಚ್ಚದೆ, ಎರಡು ಬೆರಳು ಸಂದು ಬಿಟ್ಟು, ಕೆಳಗಿನದನ್ನು ಎತ್ತಿದೆ. ಒಂದು ಕಡೆ ತುಂಬುತ್ತ ಇನ್ನೊಂದು ಕಡೆ ಖಾಲಿಯಾಗುತ್ತ ತೊಟ್ಟಿಯ ನೀರು ಇಳಿಯಲೇ ಇಲ್ಲ. ಬಾಗಿಲೇ ಕೆಟ್ಟಿದೆ ಎಂದುಕೊಂಡು ನಾನು ಬೆಳಗಿನಿಂದ ಊಟದ ಹೊತ್ತಿನವರೆಗೆ ಚಕ್ರವನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿದೆ. ಅಂಗೈ ಬೊಬ್ಬೆ ಬಂದು ಒಡೆಯಿತು. ಮಾದಯ್ಯ ಹೊಂಗೆ ಮರದ ಕೆಳಗೆ ಕೂತು ಹುರಿಗಡಲೆ ತಿನ್ನುತ್ತ ನೋಡುತ್ತಿದ್ದ. ಬುತ್ತಿ ಬಿಚ್ಚುವಾಗ ಹೇಳಿದ.

"ಮೇಲ್ಗಡೆ ಬಾಗ್ಲು ನೋಡ್ದೇನವ್ವಾ?"

ನೋಡಿದೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹೇಳಿದ್ದರೆ ನಾಳೆ ಮರೆಯುತ್ತಿದ್ದೆ ಎಂದ. ಆಗ ಅದು ಸರಿ ಎನಿಸಿತ್ತು. ತಪ್ಪು ಮಾಡುತ್ತಿರುವವರನ್ನು ನೋಡುತ್ತ ಸುಮ್ಮನೆ ಕೂರಬಹುದು ಎಂಬುದನ್ನು ನಾನು ಮೊದಲು ಕಲಿತದ್ದು ಅವತ್ತು. ಬೊಬ್ಬೆ ಬರುವ ತಪ್ಪಿಗೆ ಅದು ನಡೆಯುತ್ತದೆ.

ಒಬ್ಬರೇ ಇರುವಾಗ ಹಗ್ಗ ಹಿಡಿಯುವ ಬಗೆಯನ್ನೂ ನಮ್ಮಿಬ್ಬರಿಗೂ ಅವನೇ ತೋರಿಸಿದ. ಹಗ್ಗವನ್ನು ಬಳೆಗೆ ಒಂದು ಸುತ್ತು ಹಾಕಿ, ತುದಿಯನ್ನು ಚಕ್ರದ ಹತ್ತಿರ ಎಳೆದುಕೊಂಡು, ಎಡಗಾಲ ಕೆಳಗೆ ತುಳಿದುಕೊಳ್ಳಬೇಕು. ಬಲಗಾಲು ಕಲ್ಲಿಗೆ ಒತ್ತಿ ಊರಿರಬೇಕು, ಇಲ್ಲದಿದ್ದರೆ ಚಕ್ರ ತಿರುಗುವುದಿಲ್ಲ. ತೆಪ್ಪ ಇಳಿದು ಹಗ್ಗ ಬಿಗಿಯಾದಂತೆ ಎಡಗಾಲನ್ನು ಕೂದಲೆಳೆಯಷ್ಟು ಸಡಿಲ ಮಾಡುತ್ತ ಹೋಗಬೇಕು.

"ಕಟ್ಟುದ್ರೆ ನೇಣಾಕ್ಕಂಡಂಗೆ ತೂಗಾಡ್ತದೆ, ಬುಟ್ರೆ ಬಾಗ್ಲೊಳಕ್ಕೋಯ್ತದೆ. ಕಾಲ್ಗೆ ಬುಡು, ಅದು ನೋಡ್ಕತದೆ" ಎಂದಿದ್ದ.

ಇನ್ನೊಂದನ್ನೂ ಅವನೇ ಹೇಳಿದ್ದು. ಅಕಸ್ಮಾತ್ ತೆಪ್ಪ ಹಗ್ಗಕ್ಕೆ ನೇತುಬಿದ್ದರೆ ಗಂಟಿಗೆ ಕೈ ಹಾಕಬಾರದು. ಕೆಳಗಿನ ಬಾಗಿಲು ಮುಚ್ಚಿ ಮೇಲಿನದನ್ನು ಎತ್ತಿದರೆ ತೊಟ್ಟಿ ತುಂಬುತ್ತದೆ. ಒಳಗೆ ಬಂದ ನೀರೇ ತೆಪ್ಪವನ್ನು ಮೇಲೆತ್ತಿ ಕೊಡುತ್ತದೆ. ಹಗ್ಗ ತಾನಾಗಿ ಸಡಿಲವಾಗುತ್ತದೆ. ಕಾಯುವ ತಾಳ್ಮೆ ಇರಬೇಕು ಅಷ್ಟೆ.

ಈ ಕೆಲಸದಲ್ಲಿ ಹೆಣಗಳೂ ಬರುತ್ತವೆ. ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೇಲೆಲ್ಲೋ ಬಿದ್ದವರು, ಬೇಕೆಂದೇ ಬಿದ್ದವರು, ಬಟ್ಟೆ ಒಗೆಯಲು ಇಳಿದವರು, ಎಲ್ಲರೂ ಕೊನೆಗೆ ಮೇಲಿನ ಬಾಗಿಲ ಹತ್ತಿರ ಜೊಂಡಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಎಳೆಯಬಾರದು, ದಡಕ್ಕೆ ಹಾಕಬಾರದು. ಒಂದು ಹಗ್ಗ ಹಾಕಿ ನಿಲ್ಲಿಸಿ ಪೋಲೀಸರು ಬರುವವರೆಗೆ ಕಾಯಬೇಕು. ನಾನು ಮೊದಲನೆಯದಕ್ಕೆ ವಾಂತಿ ಮಾಡಿಕೊಂಡೆ. ಆಮೇಲಿನವಕ್ಕೆ ಮಾಡಿಕೊಳ್ಳಲಿಲ್ಲ.

ಮದ್ದೂರು ಕಡೆಯ ಒಬ್ಬ ತಂದೆ ಮಗನನ್ನು ಹುಡುಕಿಕೊಂಡು ಬಂದು ಒಂಬತ್ತು ದಿನ ಬಾಗಿಲ ಹತ್ತಿರ ಕೂತಿದ್ದ. ಅಳುತ್ತಿರಲಿಲ್ಲ. ಬುತ್ತಿ ತರುತ್ತಿದ್ದ, ಅರ್ಧ ತಿಂದು ಅರ್ಧ ನನಗೆ ಕೊಡುತ್ತಿದ್ದ. ಎಂಟನೆಯ ದಿನ ಹೋಗುವಾಗ ಒಂದು ಮಾತು ಹೇಳಿದ.

"ನಿನ್ ಕೈಗೆ ಸಿಕ್ಕುದ್ರೆ ಬಿಗ್ಯಾಗಿ ಕಟ್ಬ್ಯಾಡ ಕಣವ್ವ."

ಒಂಬತ್ತನೆಯ ದಿನ ಅವನು ಬರುವ ಮೊದಲೇ ಹುಡುಗ ಬಂದ. ನಾನು ಬಿಗಿಯಾಗಿ ಕಟ್ಟಲಿಲ್ಲ. ತೋಳಿನ ಕೆಳಗೆ ಒಂದು ಸುತ್ತು ಹಾಕಿ ತುದಿ ಕೈಯಲ್ಲಿ ಹಿಡಿದುಕೊಂಡು ಕೂತೆ. ಸತ್ತವನಿಗೆ ಅದರಿಂದ ಏನೂ ಆಗಲಿಲ್ಲ. ತಂದೆ ನೋಡಿದ, ತಲೆಯಾಡಿಸಿದ.

ಈಗ ಜವರಮ್ಮನ ಬೆರಳು ಹೋದ ಪರೀಕ್ಷೆಯ ವಿಷಯ.

ನಾವು ಸೇರಿ ಮೂರು ವರ್ಷವಾದ ಮೇಲೆ ಹೊಸ ಸಾಹೇಬರು ಬಂದರು. ಕೆಟ್ಟವರೇನಲ್ಲ, ಬೈಯುತ್ತಿರಲಿಲ್ಲ. ಆದರೆ ಒಂದು ದಿನವೂ ತೆಪ್ಪ ಹತ್ತಿದವರಲ್ಲ. ಇನ್ನು ಮೇಲೆ ಒಂದು ತೆಪ್ಪಕ್ಕೆ ಒಂದೇ ಆಳು ಎಂದು ಹೇಳಿದರು. ನಾವಿಬ್ಬರೂ ಒಟ್ಟಿಗೆ ಹೋಗಿ ಕೇಳಿಕೊಂಡೆವು. ಅವರು ಯೋಚನೆ ಮಾಡಿ, ತಮ್ಮ ಲೆಕ್ಕದಲ್ಲಿ ನ್ಯಾಯವಾಗಿಯೇ ಒಂದು ದಾರಿ ಹೇಳಿದರು. ಇಬ್ಬರೂ ಒಬ್ಬೊಬ್ಬರೇ ತೆಪ್ಪವನ್ನು ತೊಟ್ಟಿಯಲ್ಲಿ ಇಳಿಸಿ ತೋರಿಸಬೇಕು. ಚೆನ್ನಾಗಿ, ಬೇಗ ಇಳಿಸಿದವರಿಗೆ ತೆಪ್ಪ. ಇನ್ನೊಬ್ಬರು ಮನೆಗೆ. ಒಬ್ಬರು ಇಳಿಸುವಾಗ ಇನ್ನೊಬ್ಬರು ಕೈಯಾಗಲಿ ಬಾಯಾಗಲಿ ಹಾಕಬಾರದು.

ಜವರಮ್ಮ ನನಗಿಂತ ಚುರುಕು. ಗಳ ಹಾಕಿದರೆ ತೆಪ್ಪ ಅವಳು ಹೇಳಿದ ಕಡೆ ಹೋಗುತ್ತಿತ್ತು. ನನ್ನದು ಎಮ್ಮೆ ನಡಿಗೆ. ಗೆಲ್ಲುವವಳು ಅವಳೇ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಮನೆಯಲ್ಲಿ ಕೆಮ್ಮುವ ಗಂಡ, ಕಾಲಿಗೆ ಸಿಕ್ಕುವ ಮಗ. ನನ್ನ ಮನೆಯಲ್ಲಿ ಎರಡು ಹೆಣ್ಣು. ಯಾರದು ಹೆಚ್ಚು ಕಷ್ಟ ಎಂದು ತೂಗಿ ನೋಡುವಂತಿರಲಿಲ್ಲ.

ಪರೀಕ್ಷೆಗೆ ಎರಡು ದಿನ ಮೊದಲು ಅವಳ ಎಡ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕಿತು. ನಾಲೆ ಏರಿಯ ಮೇಲೆ ಕೂರಿಸಿಕೊಂಡು ನಾನೇ ಪಿನ್ನಿನಲ್ಲಿ ತೆಗೆದೆ. ತುದಿ ಒಳಗೇ ಮುರಿದು ಉಳಿಯಿತು. ಮಾರನೆಯ ದಿನ ಅಂಗಾಲು ಊದಿಕೊಂಡು ಕೆಂಪಗಾಗಿತ್ತು.

"ಸಾಯೇಬ್ರುಗೆ ಏಳ್ಬ್ಯಾಡ ಕಣಮ್ಮಿ. ಕಾಲು ಕುಂಟ್ತಾಳೆ ಅಂತ ಇಲ್ಲೇ ನಿಲ್ಸ್ಬುಟ್ಟಾರು" ಎಂದಳು.

ಹೇಳುವುದಿಲ್ಲ ಎಂದೆ. ಆ ಕಾಲಿನಲ್ಲಿ ಹಗ್ಗ ತುಳಿಯಲು ಆಗುವುದಿಲ್ಲ ಎಂಬುದು ಅವಳಿಗಿಂತ ಮೊದಲು ನನಗೆ ಹೊಳೆದಿತ್ತು.

ಅವತ್ತು ಮೊದಲು ನಾನು ಇಳಿಸಿದೆ. ತಪ್ಪಿಲ್ಲದೆ ಇಳಿಸಿದೆ, ಆದರೆ ನಿಧಾನ. ಸಾಹೇಬರು ಗಡಿಯಾರ ನೋಡಿ ಬರೆದುಕೊಂಡರು. ಆಮೇಲೆ ಜವರಮ್ಮ. ತೆಪ್ಪವನ್ನು ತೊಟ್ಟಿಯೊಳಕ್ಕೆ ಒಂದೇ ಬೀಸಿಗೆ ತಂದಳು. ಮೇಲಿನ ಬಾಗಿಲು ಮುಚ್ಚಿದಳು. ಏಣಿ ಹತ್ತುವಾಗ ಕುಂಟಲಿಲ್ಲ, ಹಲ್ಲು ಕಚ್ಚಿಕೊಂಡಿದ್ದಳು. ಬಳೆಯ ಹತ್ತಿರ ಬಗ್ಗಿದಳು. ನಾನು ಹತ್ತು ಮಾರು ದೂರದಲ್ಲಿ, ಸಾಹೇಬರ ಹಿಂದೆ ನಿಂತಿದ್ದೆ. ಬಾಯಿ ತುಂಬ ಎಲೆಯಡಿಕೆ. ಅವಳು ಹಗ್ಗಕ್ಕೆ ಸುತ್ತು ಹಾಕಲಿಲ್ಲ. ಗಂಟು ಹಾಕಿದಳು. ಎರಡು ಗಂಟು.

ನೀರು ಅರ್ಧ ಇಳಿದಾಗ ಬಂದು ಬಿಚ್ಚಬಹುದು ಎಂದುಕೊಂಡಿದ್ದಳಂತೆ. ಆಮೇಲೆ ಯಾವಾಗಲೋ ಅವಳೇ ಹೇಳಿದ್ದು. ತೆಪ್ಪದ ಭಾರ ಬಿದ್ದ ಒದ್ದೆ ಗಂಟನ್ನು ಯಾರಿಂದಲೂ ಬಿಚ್ಚಲಾಗುವುದಿಲ್ಲ ಎಂದು ಅವಳಿಗೂ ಗೊತ್ತು. ಭಯಕ್ಕೆ ಮರೆತಿದ್ದಳು.

ಚಕ್ರಕ್ಕೆ ಕೈಯಿಟ್ಟು ಅವಳು ನನ್ನ ಕಡೆ ನೋಡಿದಳು. ಮೂರು ವರ್ಷದ ಅಭ್ಯಾಸ. ನನ್ನ "ಊಂ" ಇಲ್ಲದೆ ಚಕ್ರ ತಿರುಗಿಸಿದವಳಲ್ಲ ಅವಳು. ಹುಬ್ಬು ಎತ್ತಿ ನೋಡಿದಳು. ನಾನು ತಲೆ ಅಡ್ಡ ಆಡಿಸಿದ್ದರೆ ಸಾಕಾಗಿತ್ತು. ಬಾಯಿ ಹಾಕಬಾರದು ಎಂದಿದ್ದರೇ ಹೊರತು ತಲೆ ಆಡಿಸಬಾರದು ಎಂದಿರಲಿಲ್ಲ.

ನಾನು ಎಲೆಯ ರಸ ಉಗಿಯಲು ಮುಖವನ್ನು ಆ ಕಡೆ ತಿರುಗಿಸಿದೆ.

ಊರಿಗೆ ಹೇಳದ ಅರ್ಧ ಇದು.

ಮತ್ತೆ ಈ ಕಡೆ ತಿರುಗುವಾಗ ಚಕ್ರ ತಿರುಗುತ್ತಿತ್ತು. ನೀರು ಇಳಿಯಿತು, ತೆಪ್ಪ ಒಂದು ಮಗ್ಗುಲಿಗೆ ವಾಲಿ ನೇತುಬಿತ್ತು. ಕುಡುಗೋಲು, ಗಳ, ಅವಳ ಬುತ್ತಿ ಎಲ್ಲ ನೀರಿಗೆ ಬಿದ್ದವು. ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಜವರಮ್ಮ ಚಕ್ರ ಬಿಟ್ಟು ಓಡಿಬಂದು ಗಂಟಿಗೆ ಕೈ ಹಾಕಿದಳು. ಆಗಲಾದರೂ ನಾನು ಓಡಿಹೋಗಿ ಕೆಳಗಿನ ಬಾಗಿಲು ಮುಚ್ಚಬಹುದಿತ್ತು, ಮೇಲಿನದನ್ನು ಎತ್ತಬಹುದಿತ್ತು. ನೀರು ತೆಪ್ಪವನ್ನು ಎತ್ತಿ ಕೊಡುತ್ತಿತ್ತು. ನಾನು ಸಾಹೇಬರ ಹಿಂದೆಯೇ ನಿಂತಿದ್ದೆ. ಗಂಟು ಜಾರಿತು. ಜಾರಿದ ಹಗ್ಗ ಅವಳ ಬೆರಳುಗಳನ್ನು ಬಳೆಗೆ ಎಳೆದುಕೊಂಡಿತು.

ಅವಳು ಕೂಗಲಿಲ್ಲ. ಕೂಗಿದವರು ಸಾಹೇಬರು. ಮಳವಳ್ಳಿಗೆ, ಅಲ್ಲಿಂದ ಮಂಡ್ಯಕ್ಕೆ ಕರೆದುಕೊಂಡು ಹೋದರು. ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ತೆಪ್ಪ ನನಗೆ ಸಿಕ್ಕಿತು. ಅದಕ್ಕೆ ಎರಡು ಮಾತಿರಲಿಲ್ಲ, ಗಡಿಯಾರವನ್ನೂ ನೋಡಬೇಕಾಗಿರಲಿಲ್ಲ. ಮಾದಯ್ಯ ಮಾತ್ರ ನನ್ನನ್ನು ಒಂದು ಮಾತು ಕೇಳಿದ, ಅವಳು ಗಂಟು ಹಾಕುವಾಗ ನೀನೆಲ್ಲಿದ್ದೆ ಎಂದು. ದೂರದಲ್ಲಿದ್ದೆ ಎಂದೆ. ಎಷ್ಟು ದೂರ ಎಂದು ಅವನು ಕೇಳಲಿಲ್ಲ.

ಅವತ್ತು ಸಂಜೆಯಿಂದ ನಾನು ಎಲೆಯಡಿಕೆ ಬಿಟ್ಟೆ. ಕೇಳಿದವರಿಗೆ ಹಲ್ಲು ನೋವು ಎಂದೆ.

ಆಮೇಲಿನ ಇಪ್ಪತ್ತೆಂಟು ವರ್ಷ ನಾನೊಬ್ಬಳೇ. ಅದರಲ್ಲಿ ಹೇಳುವಂಥದ್ದು ಕಡಿಮೆ. ಚರ್ಮದ ತೆಪ್ಪ ಹೋಗಿ ಫೈಬರಿನದು ಬಂತು. ತೂತಾಗುವುದಿಲ್ಲ, ಆದರೆ ಹಗುರ, ಗಾಳಿಗೆ ಓಡುತ್ತದೆ. ಜೊಂಡಿಗಿಂತ ಪ್ಲಾಸ್ಟಿಕ್ಕು ಹೆಚ್ಚಾಯಿತು. ಚಕ್ರಕ್ಕೆ ಮೋಟಾರು ಕೂರಿಸಿದರು. ಕರೆಂಟು ಹೋದಾಗ ಬಾಗಿಲು ಅರ್ಧಕ್ಕೇ ನಿಲ್ಲುತ್ತಿತ್ತು, ಎರಡೇ ವರ್ಷಕ್ಕೆ ಮೋಟಾರು ಬಿಚ್ಚಿ ಮತ್ತೆ ಚಕ್ರ ಹಾಕಿದರು. ನನ್ನ ಕೊನೆಯ ವರ್ಷಗಳಲ್ಲಿ ಬೂಟು ಕೊಟ್ಟರು, ಹಾಕಿಕೊಳ್ಳಲೇಬೇಕು ಎಂದರು. ಸಾಹೇಬರು ಬಂದಾಗ ಹಾಕಿಕೊಳ್ಳುತ್ತಿದ್ದೆ, ಹೋದಮೇಲೆ ಬಿಚ್ಚಿಡುತ್ತಿದ್ದೆ. ಬೂಟಿನ ಕೆಳಗೆ ಹಗ್ಗ ಇದೆಯೋ ಜಾರಿದೆಯೋ ಗೊತ್ತಾಗುವುದಿಲ್ಲ.

ಜವರಮ್ಮ ಆಡು ಸಾಕಿದಳು. ಆ ಕೈಯಲ್ಲಿ ನಾಟಿ ಹಾಕಲಾಗದು, ಮುದ್ದೆ ತಿರುವಲಾಗದು. ಗಂಡ ಇರುವವರೆಗೆ ಕೆಮ್ಮುತ್ತಲೇ ಅವನೇ ಮುದ್ದೆ ತಿರುವುತ್ತಿದ್ದ. ಆಮೇಲೆ ಸವಿತಾ ಬಂದಳು. ಹಬ್ಬಕ್ಕೆ ಹೋದರೆ ಜವರಮ್ಮ ಎರಡು ಬೆರಳಲ್ಲಿ ಎಲೆ ಹಿಡಿದು ಸುಣ್ಣ ಹಚ್ಚಿ ನನ್ನ ಮುಂದೆ ನೀಡುತ್ತಿದ್ದಳು. ಬಿಟ್ಟಿದ್ದೀನಿ ಎನ್ನುತ್ತಿದ್ದೆ. ಮುಂದಿನ ಹಬ್ಬಕ್ಕೆ ಮತ್ತೆ ನೀಡುತ್ತಿದ್ದಳು.

ಈ ವರ್ಷ ನಾಲೆಗೆ ನೀರು ಬಿಟ್ಟ ಮೇಲೆ ಸವಿತಾ ನನ್ನ ಮನೆಗೆ ಬಂದಳು. ಇಪ್ಪತ್ತೇಳು ವರ್ಷದವಳು, ಎರಡು ಮಕ್ಕಳ ತಾಯಿ, ಧೈರ್ಯಸ್ಥೆ.

"ದೊಡ್ಡವ್ವ, ನಿಮ್ತಾವ್ಲೇ ಕಲ್ತ್ಕೊ ಅಂದ್ರು ಅತ್ತೆ" ಎಂದಳು.

ನಾನು ನಾಲ್ಕು ದಿನ ದಡದಲ್ಲಿ ನಿಂತು ಬಾಯಲ್ಲಿ ಹೇಳಿ ಹೇಳಿ ಕಲಿಸಿದೆ. ಐದನೆಯ ದಿನ ಅವಳೊಬ್ಬಳೇ ಇಳಿಸುತ್ತೇನೆ ಎಂದಳು. ಜವರಮ್ಮ ಕೋಲೂರಿಕೊಂಡು ನೋಡಲು ಬಂದಳು. ಆ ತೊಟ್ಟಿಯ ಹತ್ತಿರ ಅವಳು ಕಾಲಿಟ್ಟದ್ದು ಅವತ್ತಿನ ನಂತರ ಅದೇ ಮೊದಲು. ಇಬ್ಬರೂ ಹೊಂಗೆ ಮರದ ಕೆಳಗೆ ಕೂತೆವು.

ಸವಿತಾ ಬೂಟು ಹಾಕಿದ್ದಳು. ಬಿಚ್ಚಿದರೆ ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರಿಸಿದ್ದಾರಂತೆ. ಹಗ್ಗವನ್ನು ಬಳೆಗೆ ಸುತ್ತಿ ಕಾಲ ಕೆಳಗೆ ಇಟ್ಟುಕೊಂಡಳು. ಅದು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ನಮ್ಮ ಕಡೆ ಬೆನ್ನು ಮಾಡಿ ಬಗ್ಗಿದಳು. ಅವಳ ಮೊಣಕೈ ಆಡಿದ್ದು ನೋಡಿಯೇ ಗೊತ್ತಾಯಿತು, ಗಂಟು ಹಾಕುತ್ತಿದ್ದಾಳೆ. ಎದ್ದು ಚಕ್ರಕ್ಕೆ ಕೈಯಿಟ್ಟಳು.

ನನ್ನ ಬಾಯಿ ತೆರೆದಿತ್ತು. ಕೂಗುತ್ತಿದ್ದೆ ಎಂದೇ ನಾನು ಅಂದುಕೊಂಡಿದ್ದೇನೆ. ಆದರೆ ಮೊದಲು ಬಂದದ್ದು ಜವರಮ್ಮನ ದನಿ.

"ಸವಿತಾ, ಚಕ್ರ ಬುಡು. ಗಂಟ ಬಿಚ್ಚು ಮೊದ್ಲು."

ಸವಿತಾ ಕೈ ತೆಗೆದಳು. ಬಿಚ್ಚಿದಳು. ಅತ್ತೆ ಹೇಳಿದಂತೆ ಎಡಗಾಲಿನ ಬೂಟನ್ನೂ ಬಿಚ್ಚಿ ಪಕ್ಕಕ್ಕಿಟ್ಟಳು. ಹಗ್ಗ ತುಳಿದುಕೊಂಡು ನಿಂತಳು. ನೀರು ಇಳಿಯತೊಡಗಿತು, ತೆಪ್ಪವೂ ಅದರ ಜೊತೆ ಸಮವಾಗಿ ಇಳಿಯಿತು.

ಜವರಮ್ಮ ಅದನ್ನೇ ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ಕೂಗಾಕೆ ಏಟೊತ್ತು ಬೇಕು, ನೋಡ್ದಾ ಚಿಕ್ಕತಾಯಿ."

ಅವಳು ಸೊಂಟದ ಚೀಲ ಬಿಚ್ಚಿ ಒಂದು ಎಲೆ ತೆಗೆದು, ಉಳಿದ ಎರಡು ಬೆರಳಲ್ಲಿ ಸುಣ್ಣ ಹಚ್ಚಿದಳು. ಈ ಸಲ ನನ್ನ ಮುಂದೆ ನೀಡಲಿಲ್ಲ. ತಾನೇ ಬಾಯಿಗೆ ಹಾಕಿಕೊಂಡಳು.

"ನೀ ಎಲೆ ಬುಟ್ಟಿದ್ದು ಅಲ್ಲುನೋವ್ಗಲ್ಲ ಅಂತ ನಂಗವತ್ತೇ ಗೊತ್ತು" ಎಂದಳು.

ಅವಳು ಅಗಿದು ಮುಗಿಸುವ ಹೊತ್ತಿಗೆ ತೊಟ್ಟಿಯ ನೀರು ಇಳಿದು ಸಮವಾಗಿತ್ತು. ಸವಿತಾ ಬಾಗಿಲು ಎತ್ತಿ, ತೆಪ್ಪ ಹತ್ತಿ, ಬಗ್ಗಿ ಆ ಕಡೆ ದಾಟಿದಳು. ಜವರಮ್ಮ ಎದ್ದು ಕೋಲೂರಿಕೊಂಡು ಮನೆಗೆ ಹೋದಳು. ಅವತ್ತಿನಿಂದ ನನ್ನನ್ನು ಮಾತಾಡಿಸಿಲ್ಲ. ಇಷ್ಟು ವರ್ಷ ಮಾತಾಡಿಸಿದ್ದು ಸಾಕು ಎನಿಸಿರಬೇಕು. ನಾನೂ ಹೋಗಿ ಕರೆದಿಲ್ಲ.

ಈ ಪುಸ್ತಕವನ್ನು ಸವಿತಾ ಕೈಗೆ ಕೊಡುತ್ತೇನೆ. ಅವಳು ಓದಬಲ್ಲವಳು. ಅತ್ತೆಗೆ ಓದಿ ಹೇಳುವುದಾದರೆ ಹೇಳಲಿ, ಜವರಮ್ಮನಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ.

ಸವಿತಾ, ಹಗ್ಗಕ್ಕೆ ಗಂಟು ಹಾಕಬೇಡ. ಭಾರ ಬಿದ್ದ ಹಗ್ಗಕ್ಕೆ ಕೈ ಹಾಕಬೇಡ. ಮೇಲಿನ ಬಾಗಿಲು ಪೂರ್ತಿ ಮುಚ್ಚಿದೆಯಾ ಎಂದು ಎರಡು ಸಲ ನೋಡು. ಆಮೇಲೆ, ಚಕ್ರ ತಿರುಗಿಸುವ ಮೊದಲು ಒಂದು ಸಲ ದಡದ ಕಡೆ ನೋಡು. ನಿನ್ನನ್ನೇ ನೋಡುತ್ತ ನಿಂತವರು ಯಾರಾದರೂ ಆಗ ಮುಖ ತಿರುಗಿಸಿದರೆ, ಚಕ್ರದಿಂದ ಕೈ ತೆಗೆ.